ಸುಕ್ಕಿನ ಸೊಬಗು

ಸುಕ್ಕು ಎಂದರೆ ಯಾರಿಗೂ ಪ್ರೀತಿಯಿಲ್ಲ. ಹಣೆಯ ಮೇಲೆ ಒಂದು ಗೆರೆ ಮೂಡಿದರೆ ಸಾಕು, ಮನುಷ್ಯ ಕನ್ನಡಿಯ ಮುಂದೆ ನಿಂತು ಅದನ್ನು ಬೆರಳಿನಿಂದ ತೀಡಿ ತೀಡಿ ನೋಡುತ್ತಾನೆ. ಬಟ್ಟೆಯ ಸುಕ್ಕನ್ನು ಇಸ್ತ್ರಿಯಿಂದ ಉಜ್ಜಿ ಅಳಿಸುತ್ತಾನೆ. ಸಂತೆಯಲ್ಲಿ ಸುಕ್ಕುಗಟ್ಟಿದ ಬದನೆಯನ್ನು ಪಕ್ಕಕ್ಕೆ ಸರಿಸಿ ನುಣುಪಾದುದನ್ನೇ ಆರಿಸಿಕೊಳ್ಳುತ್ತಾನೆ. ಮುಪ್ಪು, ಬಾಡುವಿಕೆ, ಅಲಕ್ಷ್ಯ ಇವೇ ಆ ಮಾತಿಗೆ ಲೋಕ ಕೊಟ್ಟಿರುವ ಅರ್ಥಗಳು. ಆದರೆ ಸುಕ್ಕನ್ನು ಕಂಡು ಹೆಚ್ಚು ಹಣ ಕೊಡುವ ಊರೊಂದು ಕರ್ನಾಟಕದಲ್ಲಿ ಉಂಟು. ಅದು ಬ್ಯಾಡಗಿ.

ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಸಾಗುವ ರೈಲು ಹಾವೇರಿಯನ್ನು ಬಿಟ್ಟ ಮೇಲೆ ಬ್ಯಾಡಗಿಯನ್ನೂ ತರುವಾಯ ರಾಣೆಬೆನ್ನೂರನ್ನೂ ಮುಟ್ಟುತ್ತದೆ. ಮೂರೂ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಹಾವೇರಿ ಜಿಲ್ಲೆಯ ಊರುಗಳು. ಇಲ್ಲಿ ನೋಡತಕ್ಕದ್ದೇನು ಎಂದು ಕೇಳಿದವರಿಗೆ ಹಾವೇರಿಯಲ್ಲಿ ಸಿದ್ಧೇಶ್ವರನ ಗುಡಿಯನ್ನು ತೋರಿಸುತ್ತಾರೆ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಏರ್ಪಟ್ಟ ಕೃಷ್ಣಮೃಗಗಳ ಅಭಯಾರಣ್ಯಕ್ಕೆ ದಾರಿ ಹೇಳುತ್ತಾರೆ. ಎರಡೂ ನೋಡತಕ್ಕವೇ ಸರಿ. ಆದರೆ ಈ ಸೀಮೆಯಲ್ಲಿ ಇನ್ನೊಂದು ಬಗೆಯ ನೋಟವೂ ಇದೆ. ಅದರ ವಿಸ್ತಾರ ಹೆಬ್ಬೆರಳಿನ ಉಗುರಿನಷ್ಟು. ಒಂದು ಒಣಮೆಣಸಿನಕಾಯಿ, ಒಂದು ಹತ್ತಿಯ ಹೂ, ಒಂದು ಏಲಕ್ಕಿ, ಇಷ್ಟಿದ್ದರೆ ಆಯಿತು. ಬೇಕಾದುದು ಇವುಗಳನ್ನು ತೀರ ಸಮೀಪದಿಂದ ಕಾಣುವ ಒಂದು ಮಸೂರ, ಅದರ ಹಿಂದೆ ತುಸು ತಾಳ್ಮೆಯುಳ್ಳ ಒಂದು ಕಣ್ಣು.

ಇಂಥ ಸಮೀಪದ ಛಾಯಾಗ್ರಹಣಕ್ಕೆ ಮ್ಯಾಕ್ರೊ ಎಂಬ ಹೆಸರು ರೂಢಿಯಲ್ಲಿದೆ. ಸಾಮಾನ್ಯ ಛಾಯಾಚಿತ್ರದಲ್ಲಿ ಆರಡಿಯ ಮನುಷ್ಯ ಫಿಲ್ಮಿನ ಮೇಲೆ ಒಂದಂಗುಲವಾಗಿ ಇಳಿದುಬಿಡುತ್ತಾನೆ. ಮ್ಯಾಕ್ರೊ ಛಾಯಾಗ್ರಹಣದಲ್ಲಿ ಹಾಗಲ್ಲ. ವಸ್ತು ಎಷ್ಟು ದೊಡ್ಡದೋ, ಫಿಲ್ಮಿನ ಮೇಲಾಗಲಿ ಈಗಿನ ಡಿಜಿಟಲ್ ಕ್ಯಾಮೆರಾದ ಸಂವೇದಕದ ಮೇಲಾಗಲಿ ಅದರ ಬಿಂಬವೂ ಅಷ್ಟೇ ದೊಡ್ಡದಾಗಿ ಮೂಡಬೇಕು. ಇನ್ನೂ ದೊಡ್ಡದಾದರೆ ಮತ್ತೂ ಒಳ್ಳೆಯದು. ಒಂದು ಸೆಂಟಿಮೀಟರ್ ಅಗಲದ ಮೆಣಸಿನಕಾಯಿ ಅಲ್ಲಿ ಒಂದು ಸೆಂಟಿಮೀಟರಾಗಿಯೇ ನಿಂತು, ಬಳಿಕ ಕಾಗದದ ಮೇಲೆ ಹತ್ತು ಪಟ್ಟು ಹಿಗ್ಗಿದಾಗ ಅಂಗೈಯಗಲದ ಒಂದು ನಾಡೇ ತೆರೆದುಕೊಳ್ಳುತ್ತದೆ.

ಬ್ಯಾಡಗಿಯ ಕಾಯಿಯನ್ನು ಹೀಗೆ ಹಿಡಿದಾಗ ಮೊದಲು ಕಾಣುವುದು ಬೆಟ್ಟಸಾಲು. ಬೆಳಕು ಒಂದು ಮಗ್ಗುಲಿಂದ ಬೀಳುತ್ತಿದ್ದರೆ ಪ್ರತಿಯೊಂದು ಮಡಿಕೆಗೂ ಒಂದು ಬೆಳಗಿದ ಏಣು, ಒಂದು ಕತ್ತಲ ಕಣಿವೆ ದೊರೆಯುತ್ತದೆ. ಏಣಿನ ಮೇಲೆ ಮೇಣದ ಮಿನುಗು. ಕಣಿವೆಯಲ್ಲಿ ಕಪ್ಪಿಗೆ ತಿರುಗುವ ಕೆಂಪು. ಮಡಿಕೆಗಳು ನೇರವಾಗಿ ಸಾಗುವುದಿಲ್ಲ. ಒಂದು ಇನ್ನೊಂದನ್ನು ಸೇರಿ ಕವಲಾಗುತ್ತದೆ, ಕವಲು ಮತ್ತೆ ತೊಟ್ಟಿನ ಕಡೆಗೆ ಒಂದಾಗುತ್ತದೆ. ಅಂಚುಗಳು ಚೌಕಟ್ಟಿನ ಹೊರಗೆ ಉಳಿದುದರಿಂದ ಇದು ಕಾಯಿಯೆಂದು ಹೇಳುವ ಸುಳಿವೇ ಇಲ್ಲ. ವಿಮಾನದಿಂದ ನೋಡಿದ ಮರುಭೂಮಿಯೆಂದರೂ ಆದೀತು, ಯಾವುದೋ ನಾಟಕದ ತೆರೆಯ ನೆರಿಗೆಯೆಂದರೂ ಆದೀತು.

ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಈ ಸ್ಥಿತಿ ಹೊಸದಲ್ಲ. ಒಂದನ್ನು ಕಂಡು ಮತ್ತೊಂದೆಂದು ನಿಜವಾಗಿಯೂ ಭ್ರಮಿಸುವುದು ಭ್ರಾಂತಿಮದಲಂಕಾರ; ಇದೋ ಅದೋ ಎಂದು ತೂಗಾಡುವುದು ಸಸಂದೇಹ. ಕವಿ ಇವನ್ನು ಮಾತಿನಿಂದ ಸಾಧಿಸುತ್ತಾನೆ. ಮಸೂರವಾದರೋ ಕೇವಲ ಅಳತೆಯನ್ನು ಮುಚ್ಚಿಟ್ಟು ಸಾಧಿಸುತ್ತದೆ. ವಸ್ತು ಎಷ್ಟು ದೊಡ್ಡದು ಎಂಬ ತಿಳಿವಳಿಕೆ ಹೋದೊಡನೆ ಅದರ ಹೆಸರೂ ಹೋಗುತ್ತದೆ. ಹೆಸರು ಹೋದ ಮೇಲೆ ಉಳಿಯುವುದು ಗೆರೆ, ಬಣ್ಣ, ಬೆಳಕು, ನೆರಳು, ಲಯ. ಚಿತ್ರಕಾರರು ಅಮೂರ್ತವೆಂದು ಕರೆಯುವುದು ಇದನ್ನೇ. ಕುಂಚ ಹಿಡಿದವನು ಅದನ್ನು ಕಲ್ಪಿಸಬೇಕು. ಕ್ಯಾಮೆರಾ ಹಿಡಿದವನು ಇದ್ದುದರಲ್ಲಿಯೇ ಅದನ್ನು ಆರಿಸಬೇಕು. ವ್ಯತ್ಯಾಸ ಇಷ್ಟೆ.

ಕಾಲೇಜಿನ ಹುಡುಗನೊಬ್ಬ ಇಂಥ ಕ್ಯಾಮೆರಾ ಹಿಡಿದು ಸುಗ್ಗಿಯ ದಿನಗಳಲ್ಲಿ ಕಣವೊಂದಕ್ಕೆ ಬಂದನೆಂದು ಭಾವಿಸಬಹುದು. ಕಾಯಿ ಹರವುತ್ತಿರುವ ಅಜ್ಜಿ, “ಏನ್ ತಮ್ಮಾ, ಮೆಣಸಿನಕಾಯೀದೂ ಫೋಟೋ ತಗೀತಾರೇನು?” ಎಂದು ಕೇಳದೆ ಬಿಡಲಾರಳು. ಆತ ಕ್ಯಾಮೆರಾದ ಪರದೆಯನ್ನು ತೋರಿಸಿದರೆ, “ಇದು ಯಾವ ಗುಡ್ಡಪಾ?” ಎನ್ನುವಳು. “ಅಜ್ಜೀ, ಇದು ನಿಮ್ಮ ಕಾಯೀನ ಐತ್ರಿ” ಎಂದರೆ ಆಕೆ ಇನ್ನಷ್ಟು ಬಗ್ಗಿ ನೋಡಿ, “ಹಂಗಾದ್ರ ಇದು ಕಡ್ಡಿ ಕಾಯಿ, ಡಬ್ಬಿ ಅಲ್ಲ” ಎಂದು ತೀರ್ಪು ಕೊಡುವುದೂ ಅಸಾಧ್ಯವಲ್ಲ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಈ ಎರಡು ಬಗೆ. ಕಡ್ಡಿ ಉದ್ದವಾಗಿ ತೆಳ್ಳಗಿರುವುದು. ಡಬ್ಬಿ ಗಿಡ್ಡವಾಗಿ ಉಬ್ಬಿದುದು. ಹುಡುಗ ಕಳಚಿಟ್ಟ ಹೆಸರನ್ನು ಅಜ್ಜಿ ಒಂದು ನೋಟದಲ್ಲಿ ತಿರುಗಿ ತೊಡಿಸಿದಳು! ಸುಕ್ಕುಗಳನ್ನು ಓದುವ ವಿದ್ಯೆ ಈ ಸೀಮೆಯಲ್ಲಿ ಕ್ಯಾಮೆರಾಕ್ಕಿಂತ ಹಳೆಯದು.

ಹಾಗೆಂದು ಮಸೂರದ ಕಾಣಿಕೆ ಕಡಿಮೆಯದಲ್ಲ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ‘ಮೈಕ್ರೋಗ್ರಾಫಿಯಾ’ ಎಂಬ ಚಿತ್ರಗ್ರಂಥವನ್ನು ಪ್ರಕಟಿಸಿದಾಗ ಅದರ ಮೊದಲ ಚಿತ್ರಗಳಲ್ಲಿ ಒಂದು ಹೊಲಿಗೆಯ ಸೂಜಿಯ ಮೊನೆ. ಬರಿಗಣ್ಣಿಗೆ ಅತ್ಯಂತ ಚೂಪಾದ ಆ ಮೊನೆ ಸೂಕ್ಷ್ಮದರ್ಶಕದಲ್ಲಿ ಮೊಂಡಾಗಿ, ಒರಟಾಗಿ ಕಂಡಿತು. ಮನುಷ್ಯ ಮಾಡಿದ ವಸ್ತು ಹಿಗ್ಗಿದಷ್ಟೂ ಅದರ ಕೊರತೆ ಬಯಲಾಗುತ್ತದೆ. ನಿಸರ್ಗದ ವಸ್ತು ಹಿಗ್ಗಿದಷ್ಟೂ ಅದರ ನಯಗಾರಿಕೆ ಹೆಚ್ಚುತ್ತದೆ ಎಂಬುದು ಹುಕ್ ಕಂಡುಕೊಂಡ ಮಾತು. ಮುಂದೆ ಜರ್ಮನಿಯಲ್ಲಿ ಕಾರ್ಲ್ ಬ್ಲಾಸ್‌ಫೆಲ್ಟ್ ಎಂಬ ಶಿಕ್ಷಕ ಬರ್ಲಿನ್ನಿನ ಕಲಾಶಾಲೆಯ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಸಲುವಾಗಿ ದಾರಿಬದಿಯ ಗಿಡಗಳ ಚಿಗುರು, ಮೊಗ್ಗು, ಬೀಜಕೋಶಗಳನ್ನು ಹಲವು ಪಟ್ಟು ಹಿಗ್ಗಿಸಿ ಚಿತ್ರ ತೆಗೆದ. ಕ್ಯಾಮೆರಾ ಕೂಡ ಸ್ವಂತ ಕೈಯಿಂದ ಮಾಡಿದುದೇ. 1928ರಲ್ಲಿ, ಅರವತ್ತು ದಾಟಿದ ಮೇಲೆ, ಅವು ಪುಸ್ತಕವಾಗಿ ಬಂದಾಗ ಕಬ್ಬಿಣದ ಕೆತ್ತನೆಯಂತೆ, ಗೋಪುರದ ಕಳಶದಂತೆ ತೋರುವ ಆ ಸೊಪ್ಪುಸದೆಗಳನ್ನು ಕಂಡು ಯುರೋಪು ಬೆರಗಾಯಿತು.

ಇನ್ನೊಂದು ಸಂಗತಿ ಬ್ಯಾಡಗಿಗೆ ಹೆಚ್ಚು ಹತ್ತಿರದ್ದು. ಅಮೆರಿಕದ ಎಡ್ವರ್ಡ್ ವೆಸ್ಟನ್ 1930ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ದೊಡ್ಡಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಇಟ್ಟು ತೆಗೆದ ಚಿತ್ರ ಛಾಯಾಗ್ರಹಣದ ಇತಿಹಾಸದಲ್ಲಿ ಹೆಸರಾಗಿದೆ. ಆಲಿಕೆಯ ಒಳಮೈ ಬೆಳಕನ್ನು ಎಲ್ಲ ಕಡೆಯಿಂದ ಮೃದುವಾಗಿ ಹಿಂತಿರುಗಿಸಿದ್ದರಿಂದ ಆ ತಿರುಚಿದ ಕಾಯಿ ಮಲ್ಲನ ಬೆನ್ನಿನಂತೆ, ಅಪ್ಪಿಕೊಂಡ ಇಬ್ಬರ ಮೈಯಂತೆ ತೋರುತ್ತದೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಆ ಕಾಯಿಯೂ ಬ್ಯಾಡಗಿಯ ಕಾಯಿಯೂ ಒಂದೇ ಜಾತಿ, ಕ್ಯಾಪ್ಸಿಕಂ ಆನ್ಯುಅಮ್. ಅಮೆರಿಕ ಖಂಡದಲ್ಲಿ ಹುಟ್ಟಿ, ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಸರ ಹಡಗಿನಲ್ಲಿ ಇತ್ತ ಬಂದ ಬೆಳೆ, ಇಲ್ಲಿಯ ಬಿಸಿಲು ಮಣ್ಣುಗಳಲ್ಲಿ ಸುಕ್ಕನ್ನೇ ಕುಲಲಾಂಛನವಾಗಿ ಪಡೆಯಿತು.

ಆ ಸುಕ್ಕು ಹೇಗೆ ಮೂಡುತ್ತದೆ? ಗಿಡದಲ್ಲಿ ಹಣ್ಣಾದ ಮೆಣಸಿನಕಾಯಿಯ ತೂಕದಲ್ಲಿ ನೂರಕ್ಕೆ ಎಪ್ಪತ್ತರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ನೀರು. ಕೂಡಿಡಲು ಯೋಗ್ಯವಾಗಬೇಕಾದರೆ ಅದು ನೂರಕ್ಕೆ ಹತ್ತರ ಸುಮಾರಿಗೆ ಇಳಿಯಬೇಕು. ಕಣದಲ್ಲಿ ಹರವಿದ ಕಾಯಿಯಿಂದ ನೀರು ಆರುತ್ತಾ ಹೋದಂತೆ ಒಳಗಿನ ತಿರುಳು ಕುಗ್ಗುತ್ತದೆ. ಹೊರಗಿನ ಮೇಣದ ಸಿಪ್ಪೆ ಅಷ್ಟು ಕುಗ್ಗಲಾರದು. ದೊಡ್ಡ ಅಂಗಿಯನ್ನು ತೊಟ್ಟ ಬಡಕಲು ದೇಹದಂತೆ ಸಿಪ್ಪೆಯಲ್ಲಿ ಹೆಚ್ಚುವರಿ ಅಗಲ ಉಳಿದು, ಅದು ಮಡಿಚಿಕೊಳ್ಳದೆ ಗತಿಯಿಲ್ಲ. ಯಾವ ಮಡಿಕೆ ಎಲ್ಲಿ ಬೀಳಬೇಕೆಂಬುದನ್ನು ಸಿಪ್ಪೆಯ ದಪ್ಪ, ತಿರುಳಿನ ದಪ್ಪ, ಕಾಯಿಯ ಬಾಗು ನಿರ್ಧರಿಸುತ್ತವೆ. ಇವು ತಳಿಯಿಂದ ತಳಿಗೆ ಬೇರೆ. ಆದಕಾರಣವೇ ಗುಂಟೂರಿನ ಕಡೆಯ ನುಣುಪು ಕಾಯಿ ಒಣಗಿದರೂ ಬ್ಯಾಡಗಿಯ ಸುಕ್ಕು ಅದಕ್ಕೆ ಬಾರದು. ಛಾಯಾಚಿತ್ರದಲ್ಲಿ ಕಾಣುವ ಆ ಬೆಟ್ಟಸಾಲು ನೀರು ಹೊರಟುಹೋದ ದಾರಿಯ ನಕಾಶೆ.

ಕಾಯಿಯನ್ನು ಸೀಳಿದರೆ ಇನ್ನೊಂದು ನೋಟ. ನಡುವೆ ಬೀಜಗಳನ್ನು ಹೊತ್ತ ಬಿಳಿಯ ತಿರುಳಿನ ದಿಂಡು. ಮೆಣಸಿನಕಾಯಿಯ ಖಾರ ಬೀಜದಲ್ಲಿದೆ ಎಂಬುದು ಅಡುಗೆಮನೆಯ ನಂಬಿಕೆ. ಅದು ನಿಜವಾಗಿ ಹುಟ್ಟುವುದು ಈ ಬಿಳಿಯ ದಿಂಡಿನಲ್ಲಿ. ಹಸಿಯಾದ ಹಣ್ಣಿನಲ್ಲಿ ಆ ದಿಂಡಿನ ಮೇಲೆ ಖಾರದ ರಸ ಕೂಡಿದ ಸಣ್ಣ ಸಣ್ಣ ಬೊಬ್ಬೆಗಳನ್ನು ಒಳ್ಳೆಯ ಮಸೂರ ತೋರಿಸಿಕೊಡುತ್ತದೆ, ಇಬ್ಬನಿ ಬಿದ್ದ ಬಿಳಿಯ ರೇಷ್ಮೆಯಂತೆ. ಬ್ಯಾಡಗಿಯ ಕಾಯಿಯಲ್ಲಿ ಖಾರ ಮಿತ. ಬಣ್ಣ ಮಾತ್ರ ಸಮೃದ್ಧ. ಕ್ಯಾಪ್ಸಾಂಥಿನ್ ಮೊದಲಾದ ವರ್ಣದ್ರವ್ಯಗಳಿಂದ ಬರುವ ಆ ಕೆಂಪನ್ನು ಓಲಿಯೋರೆಸಿನ್ ಎಂಬ ಸಾರವಾಗಿ ಹಿಂಡಿ ತೆಗೆದು ತಿನಿಸುಗಳಿಗೆ ಮಾತ್ರವಲ್ಲ, ತುಟಿಯ ಬಣ್ಣಕ್ಕೂ ಬಳಸುತ್ತಾರೆ.

ಬ್ಯಾಡಗಿಯ ಕಾಯಿಯ ಚಿತ್ರವನ್ನು ನೋಡಿದವರು ಆ ಸೀಮೆಯ ಎರೆಭೂಮಿಯನ್ನು ಬೇಸಗೆಯಲ್ಲಿ ಒಮ್ಮೆ ನೋಡಬೇಕು. ಮಳೆಯಲ್ಲಿ ನೀರು ಕುಡಿದು ಉಬ್ಬುವ ಎರೆಮಣ್ಣು ಚೈತ್ರದ ಬಿಸಿಲಿಗೆ ಕುಗ್ಗಿ, ಕಾಲು ಸಿಕ್ಕುವಷ್ಟು ಅಗಲವಾಗಿ ಬಿರಿಯುತ್ತದೆ. ಕೆಸರು ಮೊದಲ ಸಲ ಒಣಗಿ ಬಿರಿಯುವಾಗ ಒಂದು ಬಿರುಕು ಇನ್ನೊಂದನ್ನು ಹೆಚ್ಚುಕಡಿಮೆ ನೇರಕೋನದಲ್ಲಿ ಕೂಡುತ್ತದೆ. ಅದೇ ಕೆಸರು ಮತ್ತೆ ಮತ್ತೆ ನೆನೆದು ಒಣಗುತ್ತಿದ್ದರೆ ಮೂರು ಬಿರುಕುಗಳು ಸಮವಾಗಿ ಕೂಡುವ ಆರು ಮೂಲೆಯ ಆಕಾರಗಳ ಕಡೆಗೆ ಅವು ಜರುಗುತ್ತವೆ. ಕೆರೆಯಂಗಳದ ಈ ಬಿರುಕುಗಳ ಚಿತ್ರವನ್ನೂ ಮೆಣಸಿನಕಾಯಿಯ ಚಿತ್ರವನ್ನೂ ಪಕ್ಕಪಕ್ಕದಲ್ಲಿ, ಬಣ್ಣ ತೆಗೆದು, ಇಟ್ಟರೆ ಯಾವುದು ಮಾರುದ್ದದ್ದು, ಯಾವುದು ಕಿರುಬೆರಳಿನಷ್ಟರದು ಎಂದು ಹೇಳುವುದು ಕಷ್ಟ. ಹೊಲಕ್ಕೂ ಅದರ ಫಲಕ್ಕೂ ಬಿಸಿಲಿನ ಒಂದೇ ಕೈಬರಹ.

ರಾಣೆಬೆನ್ನೂರಿನ ಹತ್ತಿಯಲ್ಲಿಯೂ ಇದೇ ಬರಹವನ್ನು ಓದಬಹುದು. ಹತ್ತಿಯ ಒಂದೊಂದು ಎಳೆಯೂ ಬೀಜದ ಸಿಪ್ಪೆಯಿಂದ ಹೊರಟು ಎರಡು ಮೂರು ಸೆಂಟಿಮೀಟರ್ ಉದ್ದ ಬೆಳೆದ ಒಂದೇ ಒಂದು ಜೀವಕೋಶ. ಕಾಯಿ ಒಡೆಯುವ ತನಕ ಅದು ರಸ ತುಂಬಿದ ದುಂಡನೆಯ ಕೊಳವೆ. ಕಾಯಿ ಬಿರಿದು ಗಾಳಿ ಬಿಸಿಲು ತಾಗಿದೊಡನೆ ಒಳಗಿನ ನೀರು ಆರಿ, ಕೊಳವೆ ಚಪ್ಪಟೆಯಾಗಿ, ಲಾಡಿಯಂತೆ ಸುರುಳಿ ಸುರುಳಿಯಾಗಿ ತಿರುಚಿಕೊಳ್ಳುತ್ತದೆ. ಸ್ವಲ್ಪ ದೂರ ಬಲಕ್ಕೆ ತಿರುಚಿ, ಮತ್ತೆ ಸ್ವಲ್ಪ ದೂರ ಎಡಕ್ಕೆ. ಹೆಚ್ಚು ಹಿಗ್ಗಿಸುವ ಮಸೂರದಲ್ಲಿ ಈ ತಿರುಚು ಬೆಳ್ಳಿಯ ನಾಗರಗಳ ಗುಂಪಿನಂತೆ ತೋರುತ್ತದೆ. ಈ ತಿರುಚೇ ಎಳೆಗೆ ಎಳೆ ಕಚ್ಚಿಕೊಳ್ಳಲು ಆಧಾರ. ಅದಿಲ್ಲದಿದ್ದರೆ ಹತ್ತಿಯನ್ನು ನೂಲುವುದು ಸುಲಭವಾಗುತ್ತಿರಲಿಲ್ಲ. ಮನುಷ್ಯ ಉಟ್ಟ ಪಂಚೆ ಸೀರೆಗಳು ಒಂದು ಅರ್ಥದಲ್ಲಿ ಸುಕ್ಕಿನ ಋಣ.

ರಾಣೆಬೆನ್ನೂರಿನ ಸುತ್ತಣ ಹೊಲಗಳು ಬೀಜೋತ್ಪಾದನೆಗೆ ಹೆಸರಾದವು. 1972ರಲ್ಲಿ ಧಾರವಾಡದಲ್ಲಿ ರೂಪುಗೊಂಡ ‘ವರಲಕ್ಷ್ಮಿ’ ಎಂಬ ಸಂಕರ ಹತ್ತಿ ಬಂದಂದಿನಿಂದ ಕೈಯಿಂದ ಪರಾಗ ಸೇರಿಸಿ ಬೀಜ ಕಟ್ಟಿಸುವ ಉದ್ಯೋಗ ಈ ನಾಡಿನಲ್ಲಿ ಹಬ್ಬಿತು. ನಾಳೆ ಅರಳಲಿರುವ ಮೊಗ್ಗನ್ನು ಇಂದು ಸಂಜೆ ಗುರುತಿಸಬೇಕು. ಹೆಬ್ಬೆರಳಿನ ಉಗುರಿನಿಂದ ಅದರ ಎಸಳುಗಳನ್ನೂ ಗಂಡುಕೇಸರಗಳನ್ನೂ ಸುಲಿದು ತೆಗೆಯಬೇಕು. ಒಳಗಿನ ಅಂಡಾಶಯಕ್ಕೆ ಉಗುರು ತಾಗಕೂಡದು, ಶಲಾಕೆ ಮುರಿಯಕೂಡದು. ಮರುದಿನ ಬೆಳಿಗ್ಗೆ ಬೇರೆ ಗಿಡದ ಗಂಡುಹೂವನ್ನು ತಂದು ಅದರ ತುದಿಗೆ ಸವರಬೇಕು. ಆ ಪರಾಗದ ಒಂದು ಕಣ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು. ಹಿಗ್ಗಿಸಿ ನೋಡಿದರೆ ಮೈತುಂಬ ಮುಳ್ಳುಳ್ಳ ಹೊನ್ನಿನ ಗುಂಡು. ಈ ಕೆಲಸವನ್ನು ಸಾಲುಸಾಲಾಗಿ, ಬಾಗಿದ ಬೆನ್ನಿನಲ್ಲಿ, ದಿನವೂ ಮಾಡುವವರಲ್ಲಿ ಬಹುಮಂದಿ ಹೆಂಗಸರು. ಛಾಯಾಗ್ರಾಹಕ ಬೆಲೆಬಾಳುವ ಮಸೂರದಿಂದ ಪ್ರವೇಶಿಸುವ ಮಿಲಿಮೀಟರಿನ ಲೋಕದಲ್ಲಿ ಅವರ ಬೆರಳುಗಳು ಕೂಲಿಗಾಗಿ ನಿತ್ಯ ಓಡಾಡುತ್ತವೆ.

ಹಾವೇರಿಯ ಸಣ್ಣ ವಸ್ತು ಏಲಕ್ಕಿ. ಅದು ಹಾವೇರಿಯ ಹೊಲದಲ್ಲಿ ಬೆಳೆಯುವುದಿಲ್ಲ. ಮಲೆನಾಡಿನ ನೆರಳಿನಿಂದ ಬಯಲಿನ ಬಿಸಿಲಿಗೆ ಇಳಿದು ಬರುತ್ತದೆ. ಆದರೂ ಏಲಕ್ಕಿಯ ವ್ಯಾಪಾರದಿಂದ, ಅದಕ್ಕಿಂತ ಹೆಚ್ಚಾಗಿ ಏಲಕ್ಕಿಯ ಮಾಲೆಗಳಿಂದ, ಊರಿಗೆ ಕಂಪಿನ ಹೆಸರು ಬಂದಿದೆ. 2023ರ ಜನವರಿಯಲ್ಲಿ ಇಲ್ಲಿ ನೆರೆದ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಕಾಲಕ್ಕೂ ಈ ಕಂಪಿನ ಮಾತು ಎಲ್ಲರ ಬಾಯಲ್ಲಿತ್ತು. ಮಸೂರದ ಕೆಳಗೆ ಏಲಕ್ಕಿ ಮೂರು ಮಗ್ಗುಲಿನ ಗುಡಾರ. ಒಣಗಿದ ಸಿಪ್ಪೆಯ ಮೇಲೆ ತೊಟ್ಟಿನಿಂದ ತುದಿಯವರೆಗೆ ಓಡುವ ಸಣ್ಣ ಗೀರುಗಳು, ನೇಗಿಲು ಹೂಡಿದ ಹೊಲದ ಸಾಲುಗಳಂತೆ. ಒಳಗೆ ಮೂರು ಕೋಣೆ. ಕೋಣೆಯಲ್ಲಿ ತೆಳ್ಳನೆಯ ಪೊರೆ ಹೊದ್ದು ಒತ್ತಾಗಿ ಕುಳಿತ ಬೀಜಗಳು. ಆ ಬೀಜದ ಮೈಮೇಲೂ ಅಡ್ಡಡ್ಡ ಸುಕ್ಕು! ತಲೆಮಾರುಗಳಿಂದ ಮಾಲೆ ಕಟ್ಟುತ್ತ ಬಂದ ಮನೆತನದವರು ಇಂಥ ಕಾಯಿಗಳಲ್ಲಿ ಒಂದೇ ಅಳತೆಯ, ಒಂದೇ ಬಣ್ಣದವುಗಳನ್ನು ಆರಿಸಿ ಪೋಣಿಸುತ್ತಾರೆ. ನೋಡಿ ಆರಿಸುವುದೇ ಅಲ್ಲಿ ಅರ್ಧ ಕೆಲಸ.

ಇಷ್ಟರವರೆಗೆ ಸೌಂದರ್ಯಕ್ಕೂ ಬಾಳಿಗೂ ಜಗಳವಿಲ್ಲ. ಸುಕ್ಕು ಚೆಲುವಾಗಿಯೂ ಇದೆ, ಬೆಲೆಯಾಗಿಯೂ ಇದೆ. ಆದರೆ ಅದೇ ಮೆಣಸಿನ ಗಿಡದ ಎಲೆಯನ್ನು ಮಸೂರಕ್ಕೆ ಹಿಡಿದು ನೋಡಿರಿ. ಕೆಲವೊಮ್ಮೆ ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮುರುಟಿಕೊಂಡಿರುತ್ತದೆ. ಕೆಲವೊಮ್ಮೆ ಕೆಳಕ್ಕೆ ಬಾಗಿ ಬುಟ್ಟಿ ಬೋರಲಿಟ್ಟಂತೆ ತೋರುತ್ತದೆ. ನರಗಳ ನಡುವೆ ಉಬ್ಬಿದ ಹಸುರು ಗುಳ್ಳೆಗಳು, ಅವುಗಳ ನೆರಳು, ಅಂಚಿನ ಸುಳಿ, ಒಟ್ಟಿನಲ್ಲಿ ಚಿತ್ರ ಮನೋಹರವೇ. ರೈತನಿಗೆ ಅದು ಮುಟುರು ರೋಗ. ಮೇಲ್ಮುರುಟು ಥ್ರಿಪ್ಸ್ ನುಸಿಯ ಕೆಲಸವೆಂದೂ ಕೆಳಮುರುಟು ಮೈಟ್ ನುಸಿಯ ಕೆಲಸವೆಂದೂ ಬಲ್ಲವರು ಹೇಳುತ್ತಾರೆ. ಕಾಯಿಯ ಸುಕ್ಕು ಹಣ ತಂದರೆ ಎಲೆಯ ಸುಕ್ಕು ಸಾಲ ತರುತ್ತದೆ. ಮಸೂರಕ್ಕೆ ಈ ಎರಡರ ಭೇದ ತಿಳಿಯದು.

ಹಣ್ಣಾದ ಕಾಯಿಯ ಮೇಲೆ ಬೀಳುವ ಕೊಳೆರೋಗದ ಮಚ್ಚೆಯಂತೂ ಇನ್ನೂ ಮೋಸದ್ದು. ಕೆಂಪಿನ ನಡುವೆ ತಗ್ಗಾದ ಒಂದು ವೃತ್ತ. ಅದರೊಳಗೆ ಉಂಗುರದೊಳಗೊಂದು ಉಂಗುರವಾಗಿ ಚುಕ್ಕಿಗಳ ಸಾಲು, ಬಲ್ಲ ಕೈಯೊಂದು ರಂಗೋಲಿ ಇಟ್ಟಂತೆ. ಆ ಚುಕ್ಕಿಗಳು ಶಿಲೀಂಧ್ರವು ತನ್ನ ಸಂತತಿಯನ್ನು ಹರಡಲು ಕಟ್ಟಿಕೊಂಡ ಮನೆಗಳು. ಕಣಕ್ಕೆ ಬಂದ ಹುಡುಗ ಈ ಚಿತ್ರವನ್ನು ತೋರಿಸಿದ್ದರೆ ಅಜ್ಜಿ, “ಯಾವ ಗುಡ್ಡ?” ಎಂದು ಕೇಳುತ್ತಿರಲಿಲ್ಲ. ಆ ಕಾಯಿಯನ್ನು ರಾಶಿಯಿಂದ ಹುಡುಕಿ ತೆಗೆದು ಆಚೆ ಎಸೆಯುತ್ತಿದ್ದಳು.

2021ರ ಕೊನೆಯ ತಿಂಗಳುಗಳಲ್ಲಿ ಹೊಸದೊಂದು ಥ್ರಿಪ್ಸ್ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನ ಹೊಲಗಳಿಗೆ ಮುತ್ತಿಗೆ ಹಾಕಿತು. ಹೊರನಾಡಿನಿಂದ ಬಂದ ಈ ಕೀಟ ಎಲೆಯನ್ನಷ್ಟೇ ಅಲ್ಲ, ಹೂವನ್ನೇ ಹಿಡಿದು ರಸ ಹೀರಿತು. ಹೂ ಉದುರಿದ ಮೇಲೆ ಕಾಯಿ ಎಲ್ಲಿಂದ ಬರಬೇಕು? ಅದರ ಉದ್ದ ಒಂದು ಮಿಲಿಮೀಟರಿನ ಆಸುಪಾಸು. ರೆಕ್ಕೆಯೆಂದರೆ ಒಂದು ಸಣ್ಣ ಕಡ್ಡಿ, ಅದರ ಅಂಚಿಗೆ ಗರಿಯಂತೆ ಕೂದಲಿನ ಜಾಲರಿ. ಹಿಗ್ಗಿಸಿದ ಚಿತ್ರದಲ್ಲಿ ಆ ರೆಕ್ಕೆಯಷ್ಟು ಸುಕುಮಾರವಾದುದು ಮತ್ತೊಂದಿಲ್ಲ. ಬರಿಗಣ್ಣಿಗೆ ಕಷ್ಟದಿಂದ ಕಾಣುವ ಅಂಥ ಜಾಲರಿಯ ರೆಕ್ಕೆಯ ಮೇಲೆ ಒಂದು ಸೀಮೆಯ ಸುಗ್ಗಿ ಹಾರಿಹೋಗಬಹುದು. ಇದನ್ನು ಬಲ್ಲವನಿಗೆ ಭೂತಗನ್ನಡಿ ಆಟಿಕೆಯಲ್ಲ. ಎಲೆಯ ಅಡಿಯನ್ನೂ ಹೂವಿನ ಒಡಲನ್ನೂ ವಾರಕ್ಕೊಮ್ಮೆ ಅದರಿಂದ ನೋಡುವವನು ಕೇಡನ್ನು ಒಂದೆರಡು ವಾರ ಮೊದಲೇ ಕಂಡುಕೊಳ್ಳುತ್ತಾನೆ. ಬೇಸಾಯದಲ್ಲಿ ಒಂದೆರಡು ವಾರವೆಂದರೆ ಅಲ್ಪವಲ್ಲ.

ಆದ್ದರಿಂದ ಹೆಸರನ್ನು ಕಳಚಿ ನೋಡುವ ಈ ಕಲೆಗೆ ಒಂದು ಮಿತಿಯುಂಟು. ಕಣ್ಣಿಗೆ ಹಿಡಿದ ಜಿಡ್ಡನ್ನು ತೊಳೆಯಲು ಹೆಸರನ್ನು ಒಂದು ಗಳಿಗೆ ಬದಿಗಿಡುವುದು ಸರಿ. ದಿನವೂ ಒಗ್ಗರಣೆಗೆ ಹಾಕುವ ವಸ್ತುವನ್ನು ಮೊದಲ ಬಾರಿಗೆ ಕಾಣುವ ಸಂತೋಷ ಅದರಿಂದ ದೊರೆಯುತ್ತದೆ. ಆದರೆ ಹೆಸರನ್ನು ತಿರುಗಿ ಕೊಡದೆ ಹೋದರೆ ಆ ಗೆರೆಗಳ ಹಿಂದೆ ಇರುವ ಬಿಸಿಲು, ಬೆನ್ನು, ಬೆರಳು, ಸಾಲ ಎಲ್ಲವೂ ಚಿತ್ರದ ಹೊರಗೆ ಉಳಿದುಬಿಡುತ್ತವೆ. ಬ್ಯಾಡಗಿಯಲ್ಲಿ ಹಾಗೆ ಉಳಿಸುವುದು ಸಾಧ್ಯವಿಲ್ಲ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಾಯಿ ಅದು. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಎಷ್ಟೋ ಹೊಲಗಳ ಫಲ ಆ ಮಾರುಕಟ್ಟೆಯ ಹೆಸರಿನಿಂದಲೇ ಲೋಕಕ್ಕೆ ಪರಿಚಯ. 2024ರ ಮಾರ್ಚ್ 11ರಂದು ಬೆಲೆ ಒಮ್ಮೆಲೇ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಅಲ್ಲಿಯ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು. ವಾಹನಗಳು ಬೆಂಕಿಗೆ ಆಹುತಿಯಾದವು. ಬೆಂಕಿ ಹಚ್ಚಿದ್ದನ್ನು ಯಾರೂ ಒಪ್ಪಲಾರರು. ಆದರೆ ಸುಕ್ಕಿನ ಆ ಬೆಟ್ಟಸಾಲುಗಳ ಮೇಲೆ ಎಷ್ಟು ಮನೆಗಳ ವರ್ಷದ ಅನ್ನ ಕುಳಿತಿದೆ ಎಂಬುದು ಆ ದಿನ ಎಲ್ಲರಿಗೂ ಗೊತ್ತಾಯಿತು.

ಇನ್ನೊಂದು ಚಿಂತೆಯೂ ಉಂಟು. ಹೆಚ್ಚು ಇಳುವರಿಯ ಸಂಕರ ತಳಿಗಳು ಹಳೆಯ ಕಡ್ಡಿ, ಡಬ್ಬಿಗಳ ಜಾಗವನ್ನು ಹೊಲದಲ್ಲಿ ಆಕ್ರಮಿಸುತ್ತಿವೆ. ರೈತ ಲೆಕ್ಕ ನೋಡಿ ಬಿತ್ತುತ್ತಾನೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಜ್ಜಿಯರು ಒಂದು ನೋಟದಲ್ಲಿ ಓದುವ ಆ ಸುಕ್ಕಿನ ಲಿಪಿ, ತಳಿ ಮ್ಲಾನವಾದಂತೆ ತಾನೂ ಮರೆಯಾದೀತು. ಅಂಥ ಸಂದರ್ಭದಲ್ಲಿ ಒಂದು ಒಳ್ಳೆಯ ಸಮೀಪಚಿತ್ರ ಕೇವಲ ಅಲಂಕಾರವಾಗಿ ಉಳಿಯದು, ದಾಖಲೆಯೂ ಆಗುತ್ತದೆ. ಯಾವ ಮಡಿಕೆ ಎಲ್ಲಿ ಕವಲಾಗುತ್ತಿತ್ತು, ತೊಟ್ಟಿನ ಬುಡದಲ್ಲಿ ಎಷ್ಟು ನೆರಿಗೆ ಇತ್ತು, ಕೆಂಪು ಎಲ್ಲಿ ಕಪ್ಪಾಗುತ್ತಿತ್ತು ಎಂಬುದನ್ನು ಮಾತಿನಲ್ಲಿ ಹಿಡಿದಿಡುವುದು ಕಷ್ಟ, ಚಿತ್ರದಲ್ಲಿ ಸುಲಭ.

ಇದಕ್ಕೆ ಭಾರೀ ಖರ್ಚು ಬೇಕಿಲ್ಲ. ಐವತ್ತು ಮಿಲಿಮೀಟರಿನ ಸಾಮಾನ್ಯ ಮಸೂರಕ್ಕೂ ಕ್ಯಾಮೆರಾಕ್ಕೂ ನಡುವೆ ಐವತ್ತು ಮಿಲಿಮೀಟರಿನ ಟೊಳ್ಳು ಕೊಳವೆಯೊಂದನ್ನು ಸೇರಿಸಿದರೆ ವಸ್ತುವಿನಷ್ಟೇ ಬಿಂಬ ದೊರೆಯುತ್ತದೆ. ಮಸೂರವನ್ನು ಹಿಂದುಮುಂದಾಗಿ ಜೋಡಿಸುವುದು ಇನ್ನೊಂದು ಉಪಾಯ. ಮೊಬೈಲ್ ಫೋನಿಗೆ ಸಿಕ್ಕಿಸುವ ಸಣ್ಣ ಮಸೂರಗಳೂ ಅಂಗಡಿಗಳಲ್ಲಿ ಸಿಗುತ್ತವೆ. ಎರಡು ತೊಡಕುಗಳನ್ನು ಮಾತ್ರ ನೆನಪಿಡಬೇಕು. ಸಮೀಪವಾದಷ್ಟೂ ಬೆಳಕು ಕಡಿಮೆಯಾಗುತ್ತದೆ. ಬಿಂಬ ವಸ್ತುವಿನಷ್ಟೇ ಆದಾಗ ಮಾಮೂಲಿಗಿಂತ ನಾಲ್ಕನೆಯ ಒಂದು ಪಾಲು ಬೆಳಕಷ್ಟೇ ಫಿಲ್ಮನ್ನು ಮುಟ್ಟುತ್ತದೆ. ಮೇಲಾಗಿ ಸ್ಪಷ್ಟವಾಗಿ ಕಾಣುವ ಆಳ ಒಂದೆರಡು ಮಿಲಿಮೀಟರ್ ಮಾತ್ರ. ಉಸಿರು ಬಿಟ್ಟರೆ ಬೆಟ್ಟವೇ ಮಸುಕಾಗುತ್ತದೆ. ಆದಕಾರಣ ಕ್ಯಾಮೆರಾವನ್ನು ಗಟ್ಟಿಯಾದ ಆಧಾರದ ಮೇಲಿರಿಸಿ, ಕಿಟಕಿಯ ಪಕ್ಕದ ಬೆಳಕಿನಲ್ಲಿ, ಎದುರು ಮಗ್ಗುಲಿಗೆ ಒಂದು ಬಿಳಿಯ ಕಾಗದ ನಿಲ್ಲಿಸಿ, ನಿಧಾನವಾಗಿ ತೆಗೆಯಬೇಕು. ಬಿಸಿಲು ನೇರವಾಗಿ ಬೀಳುವುದಕ್ಕಿಂತ ತೆಳುವಾದ ಪಂಚೆಯ ಮೂಲಕ ಸೋಸಿ ಬಂದರೆ ಮೇಣದ ಮಿನುಗು ಹದವಾಗಿ ಮೂಡುತ್ತದೆ.

ತೆಗೆದ ಮೇಲೆ ಚಿತ್ರಕ್ಕೊಂದು ತಲೆಬರಹ ಬೇಕು. ‘ಅಮೂರ್ತ ಏಳು’, ‘ಕೆಂಪಿನ ಕನಸು’ ಮೊದಲಾದುವನ್ನು ಬೇಕಾದವರು ಬರೆದುಕೊಳ್ಳಲಿ. ಅದರ ಕೆಳಗೆ ಇನ್ನೊಂದು ಸಾಲಿಗೆ ಜಾಗ ಬಿಡುವುದು ಒಳ್ಳೆಯದು: ಕಾಯಿ ಕಡ್ಡಿಯೋ ಡಬ್ಬಿಯೋ, ಯಾವ ಊರಿನ ಹೊಲದ್ದು, ಯಾವ ತಿಂಗಳಲ್ಲಿ ಒಣಗಿದ್ದು, ಯಾವ ಅಳತೆಯದು. ಹತ್ತಿಯಾದರೆ ತಳಿಯ ಹೆಸರು. ಎಲೆಯಾದರೆ ರೋಗದ ಹೆಸರು. ಚಿತ್ರವನ್ನು ಮೊದಲು ತೋರಿಸಿ, ಈ ಸಾಲನ್ನು ಆಮೇಲೆ ಓದಿಸಿದರಾಯಿತು. ಮನೆಯ ಹಿರಿಯರನ್ನು ಕೇಳಿದರೆ ಆ ಸಾಲಿಗೆ ಬೇಕಾದುದರಲ್ಲಿ ಬಹುಪಾಲು ಅವರ ಬಾಯಲ್ಲೇ ಸಿಗುತ್ತದೆ.